ಕಾವಿಯಲ್ಲಿ ಬರೆದ ಯೋಧರ ಗೋಡೆ: ನನ್ನ ಅನುಭವ

ಕಾವಿ ಎಂದರೆ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಾಕಿ, ಅದನ್ನು ಕೆತ್ತಿ ಬಿಳಿ ಗೆರೆ ಬಿಡಿಸುವ ಕಲೆ. ಮಂಗಳೂರಿನ ಮಳೆಗೆ ಹೊರಗಿನ ಗೋಡೆಯ ಮೇಲೆ ಅದು ನಿಲ್ಲುವುದಿಲ್ಲ ಎಂದವರೇ ಜಾಸ್ತಿ. ದೇವಸ್ಥಾನದ ಮಾಡಿನ ಅಡಿಯಲ್ಲಾದರೆ ಸರಿ, ರಸ್ತೆ ಬದಿಯಲ್ಲಿ ಆಗುವ ಮಾತಲ್ಲ ಎಂದರು. ಈಗ ಎರಡು ಮಳೆಗಾಲ ಕಳೆದಿದೆ. ಒಂದು ಗೆರೆಯೂ ಮಾಸಿಲ್ಲ, ಎಲ್ಲೂ ಪದರ ಎದ್ದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗೋಡೆ ಕೆಂಪುಕಲ್ಲಿನದು. ಹಿಂದೆ ಗುಡ್ಡ. ಉದ್ದ ಸುಮಾರು 40 ಅಡಿ, ಎತ್ತರ 8 ಅಡಿ. ಊರಿನ ಯುವಕ ಮಂಡಲದವರಿಗೆ ಸೇನೆಯ ಶೌರ್ಯದ ಚಿತ್ರ ಬೇಕಿತ್ತು. ಮೊದಲು ಬೇರೆಯವರು ಅಲ್ಲೇ ಎಮಲ್ಷನ್ ಪೇಂಟ್‌ನಲ್ಲಿ ಬರೆದಿದ್ದರು. ಜೂನ್‌ನಲ್ಲಿ ಗುಳ್ಳೆ ಎದ್ದಿತು. ಜುಲೈಯಲ್ಲಿ ಪುಟ್ಟಿ ಸಮೇತ ಕಿತ್ತು ಬಿತ್ತು. ಆಗಸ್ಟ್ 15ಕ್ಕೆ ಧ್ವಜ ಏರಿಸುವಾಗ ಸೈನಿಕನಿಗೆ ಮುಖವೇ ಇರಲಿಲ್ಲ. ನೋಡಿ ಕರುಳು ಚುರುಕ್ ಎಂದಿತು. ಜೀವ ಕೊಟ್ಟವರ ಮುಖ ಹೀಗೆ ಸುಲಿದು ಬೀಳಬಾರದು.

ಇಲ್ಲಿ ಬೀಳುವುದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಗುಡ್ಡದ ನೀರು ಕಲ್ಲಿನೊಳಗಿಂದ ಬರುತ್ತದೆ. ಎಮಲ್ಷನ್ ಅದನ್ನು ತಡೆದು ನಿಲ್ಲಿಸುತ್ತದೆ, ಆಮೇಲೆ ತಾನೇ ಕಳಚುತ್ತದೆ. ಸುಣ್ಣದ ಗಾರೆ ಹಾಗಲ್ಲ, ತೇವ ಆರಲು ಬಿಡುತ್ತದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಅಂತೋನಿಯೊ ಮೊಸ್ಕೆನಿ ಹಸಿ ಗಾರೆಯ ಮೇಲೆ ಬರೆದ ಚಿತ್ರಗಳು 120 ವರ್ಷ ದಾಟಿವೆ. ಅವು ಒಳಗೋಡೆಯವು, ದುರಸ್ತಿಯನ್ನೂ ಕಂಡಿವೆ, ನಿಜ. ಆದರೆ ಗೋವಾ, ಉತ್ತರ ಕನ್ನಡದ ಹಳೆಯ ದೇವಸ್ಥಾನಗಳಲ್ಲಿ ಹೊರಗೋಡೆಯಲ್ಲೂ ಕಾವಿ ಇದೆ ಅಲ್ವಾ? ನನಗೆ ಧೈರ್ಯ ಬಂದದ್ದು ಅದರಿಂದ.

ಕಷ್ಟವೆಲ್ಲ ಗಾರೆಯಲ್ಲೇ ಇತ್ತು. ಮೊದಲು ಮಾಡಿದ ಮಾದರಿ ತುಂಡುಗಳು ಕೂದಲೆಳೆಯಷ್ಟು ಬಿರುಕು ಬಿಟ್ಟವು. ಅಂಗಡಿಯವರು ಕೊಟ್ಟ ಸುಣ್ಣದ ಪುಡಿ ಗಾಳಿಗೆ ಸತ್ತು ಹೋಗಿತ್ತು. ಮರುವಾಯಿ ಚಿಪ್ಪಿನ ಸುಣ್ಣವನ್ನೇ ಹುಡುಕಿ ತರಬೇಕಾಯಿತು. ಆಮೇಲೆ ಮರಳಿನ ತೊಂದರೆ. ಅಳಿವೆ ಹತ್ತಿರದ ಮರಳು ಹಾಕಿದ ತುಂಡು ವಾರದೊಳಗೆ ಬಿಳಿ ಉಪ್ಪು ಕಾರಿತು. ಅಲ್ಲಿಂದ ಮುಂದೆ ಒಂದೊಂದು ಲೋಡನ್ನೂ ನಾಲಿಗೆಗೆ ಹಚ್ಚಿ ನೋಡಿಯೇ ಇಳಿಸಿಕೊಂಡೆ. ಗಾರೆಗೆ ಬೆರೆಸುವ ಬೆಲ್ಲದ ನೀರಿಗೂ ಮಿತಿ ಇದೆ. ಜಾಸ್ತಿಯಾದರೆ ಗಾರೆ ಗಟ್ಟಿಯಾಗುವುದು ತಡ, ಇರುವೆ ಕಾಟ ಬೇರೆ. ಕೊನೆಗೆ ನಿಂತ ಲೆಕ್ಕ ಸುಮಾರು ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು. ಕಲಸಿ ಎರಡು ವಾರ ಹುಳಿಯಲು ಬಿಟ್ಟೆ. ಮೇಲಿನ ಕಾವಿ ಪದರದ ನೀರಿಗೆ ಇನ್ನೊಂದು ಹಾಕುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಚಿತ್ರ ಯಾವುದು ಎಂಬ ಚರ್ಚೆಯೂ ಜೋರಾಗಿಯೇ ನಡೆಯಿತು. ಎರಡೇ ಬಣ್ಣದಲ್ಲಿ ಯುದ್ಧ ತೋರಿಸುವುದು ಹೇಗೆ ಎಂದರು. ನಾನು ಮಹಾವೀರ ಚಕ್ರ ಪಡೆದ ಮೂವರನ್ನು ಆರಿಸಿದೆ, ಮೂರು ಪಡೆಗಳಿಂದ ಒಬ್ಬೊಬ್ಬರು. ಮೂವರಿಗೂ ಅದು ಬಂದದ್ದು ಮರಣೋತ್ತರವಾಗಿ.

ನಡುವೆ ಐಎನ್‌ಎಸ್ ಖುಕ್ರಿ. 1971ರ ಡಿಸೆಂಬರ್ 9ರಂದು ದೀವ್ ಬಳಿ ಟಾರ್ಪೆಡೊ ಹೊಡೆದು ಮುಳುಗಿದ ಹಡಗು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ನಮ್ಮ ಮೀನುಗಾರರು ದಿನಾ ಇಳಿಯುವ ಅದೇ ಅರಬ್ಬಿ ಸಮುದ್ರ. ಹಾಗಾಗಿ ಹಡಗೇ ದೊಡ್ಡದಾಗಿರಲಿ ಎಂದು ಪಟ್ಟು ಹಿಡಿದೆ. ಎಡಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಕೂತು, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದರು. ಅವರಿಗೆ ಚಕ್ರ ಸಿಕ್ಕಿದ್ದು 1988ರಲ್ಲಿ! ಬಲಕ್ಕೆ ಕಾರ್ಗಿಲ್ ಯುದ್ಧದ ತೋಲೋಲಿಂಗ್ ಬೆಟ್ಟ, 1999ರ ಜೂನ್ 13, ರಾಜಪುತಾನಾ ರೈಫಲ್ಸ್‌ನ ಮೇಜರ್ ವಿವೇಕ್ ಗುಪ್ತಾ. ರಾತ್ರಿಯ ಹೋರಾಟಕ್ಕೆ ಕಾವಿಯೇ ಸರಿ. ಕೆಂಪು ತುಂಬಿದ ಗೋಡೆಯಲ್ಲಿ ಬಿಳಿ ಗೆರೆಗಳು ಮಾತ್ರ ಹೊಳೆಯುತ್ತವೆ.

ಸ್ಕೆಚ್ ಆದ ಕೂಡಲೇ ನೌಕಾಪಡೆಯಿಂದ ನಿವೃತ್ತರಾದ ಒಬ್ಬರನ್ನು ಕರೆದು ತೋರಿಸಿದೆ. "ಅಂಗೈ ಎದುರಿಗೆ ಕಾಣುವುದು ಆರ್ಮಿ ಸೆಲ್ಯೂಟ್ ಮಾರಾಯ್ರೆ, ನಮ್ಮದು ಕೆಳಗೆ ಮುಖ ಮಾಡಬೇಕು" ಎಂದು ಅಲ್ಲೇ ನಿಂತು ಮಾಡಿ ತೋರಿಸಿದರು. ಇಂಥ ಕೆಲಸ ಹಿಡಿಯುವವರು ಮಾಜಿ ಸೈನಿಕರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಕಾವಿ ಕೆತ್ತಿದ ಮೇಲೆ ಉಜ್ಜಿ ತಿದ್ದಲು ಬರುವುದಿಲ್ಲ.

ಚಿತ್ರವನ್ನು ಗೋಡೆಗೆ ಇಳಿಸಲು ಪ್ರೊಜೆಕ್ಟರ್ ಹಗಲಿಗೆ ಬರುವುದಿಲ್ಲ, ರಾತ್ರಿ ಗಾರೆ ಹಾಕಲು ಮೇಸ್ತ್ರಿ ಸಿಗುವುದಿಲ್ಲ. ಹಾಗಾಗಿ ಟ್ರೇಸಿಂಗ್ ಕಾಗದಕ್ಕೆ ಸೂಜಿ ಚುಚ್ಚಿ, ಇದ್ದಿಲ ಪುಡಿಯ ಗಂಟು ತಟ್ಟಿದೆ. ದಿನಕ್ಕೆ 12-15 ಚದರ ಅಡಿಗಿಂತ ಜಾಸ್ತಿ ಗಾರೆ ಹಾಕಬೇಡಿ. ಜನವರಿಯಲ್ಲೂ ಮಧ್ಯಾಹ್ನ ಕಡಲ ಗಾಳಿ ಎದ್ದರೆ ಮೇಲ್ಪದರ ಬೇಗ ಒಣಗುತ್ತದೆ. ಎದುರಿಗೆ ಒದ್ದೆ ಗೋಣಿ ಕಟ್ಟಿದ ಮೇಲೆ ಕೆತ್ತಲು ಇನ್ನೆರಡು ಗಂಟೆ ಸಿಕ್ಕಿತು. ಒಂದು ದಿನದ ಗಾರೆ ಮುಗಿಯುವ ಅಂಚನ್ನು ಹಡಗಿನ ಮೈಯ ಗೆರೆಗೆ, ಬೆಟ್ಟದ ಅಂಚಿಗೆ ತಂದು ಮುಟ್ಟಿಸಿದರೆ ಜೋಡಣೆ ಕಾಣುವುದಿಲ್ಲ. ಮುಖಗಳಿಗೆ ಮಾತ್ರ ಬೇರೆ ದಿನ ಇಟ್ಟೆ. ಮುಲ್ಲಾ ಅವರ ಕಣ್ಣು ನನಗೆ ಒಪ್ಪಿಗೆಯಾಗುವವರೆಗೆ ಆ ತುಂಡನ್ನು ಕಿತ್ತು ಮತ್ತೆ ಮತ್ತೆ ಗಾರೆ ಹಾಕಿಸಿದೆ. ಮೇಸ್ತ್ರಿ ಗೊಣಗಿದರು, ಸಂಬಳ ಏರಿತು. ಆದರೆ ಆ ಕಣ್ಣು ಈಗ ರಸ್ತೆಯ ಆಚೆಯಿಂದಲೂ ನೋಡುತ್ತದೆ.

ನಡುವೆ ಒಂದು ಪ್ರಯೋಗ. ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕಿತ್ತಳೆ. ಬಿಳಿ ಗಾರೆಯಲ್ಲೇ ಇದೆ, ಕಿತ್ತಳೆ ಎಲ್ಲಿಂದ ತರುವುದು? ಒಡೆದ ಮಂಗಳೂರು ಹೆಂಚನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ ಸುಣ್ಣಕ್ಕೆ ಬೆರೆಸಿದೆ. ಬಣ್ಣ ಸಿಕ್ಕಿತು. ಅದಕ್ಕಿಂತ ಮುಖ್ಯ, ಆ ಭಾಗ ಉಳಿದ ಗಾರೆಗಿಂತ ಗಟ್ಟಿಯಾಗಿದೆ. ತೆಂಗಿನ ಚಿಪ್ಪಿನ ಇದ್ದಿಲಿನಿಂದ ಕಪ್ಪು ಮಾಡಲು ಹೋದದ್ದು ಮಾತ್ರ ಕೈಕೊಟ್ಟಿತು. ಕೆತ್ತುವಾಗ ಮಸಿ ಬಿಳಿ ಗೆರೆಗೆಲ್ಲ ಹಿಡಿಯಿತು.

ಈಗ ದುಡ್ಡಿನ ಮಾತು. ಎಮಲ್ಷನ್‌ಗೆ ಬೇರೆಯವರು ಚದರ ಅಡಿಗೆ 150ರಂತೆ ಸುಮಾರು 48 ಸಾವಿರ ಹೇಳಿದ್ದರು. ನನ್ನದು ಒಂದು ಲಕ್ಷ ದಾಟಿತು, ಬಹುಶಃ 1,10,000. ಅರ್ಧದಷ್ಟು ಕೂಲಿಗೇ ಹೋಯಿತು. ಮೇಸ್ತ್ರಿಗೆ ದಿನಕ್ಕೆ 1,200ರ ಆಸುಪಾಸು. ಮಂಡಲದವರು ಹಿಂಜರಿದರು. 40 ಸಾವಿರ ನೀವೇ ಇಟ್ಟುಕೊಳ್ಳಿ, ಮಳೆಗಾಲ ಕಳೆದ ಮೇಲೆ ಗೋಡೆ ನೋಡಿ ಕೊಡಿ ಎಂದೆ. ಅಕ್ಟೋಬರ್‌ನಲ್ಲಿ ಪೂರ್ತಿ ಕೊಟ್ಟರು. ಆಗದು ಎಂದಿದ್ದ ಒಬ್ಬರು ಈಗ ಗಾರೆಯ ಲೆಕ್ಕ ಕೇಳಲು ಫೋನ್ ಮಾಡುತ್ತಾರೆ.

ಗೋಡೆಯ ತಲೆಗೆ ಹೆಂಚಿನ ಸಾಲು ಹಾಕಿಸಿ. ಬುಡದಿಂದ ಒಂದಡಿ ಕಲ್ಲನ್ನು ಬರಿದೇ ಬಿಡಿ, ರಸ್ತೆ ನೀರು ಚಿಮ್ಮಿ ಪಾಚಿ ಹಿಡಿಯುವುದು ಅಲ್ಲೇ. ಗುಡ್ಡದ ನೀರು ಹೊರಬರಲು ನಾಲ್ಕೈದು ಅಡಿಗೊಂದು ಪೈಪ್ ತೂರಿಸಿ. ಕೆತ್ತಿದ ಮೇಲೆ ಮೂರು ವಾರವಾದರೂ ದಿನಾ ನೀರು ಚಿಮುಕಿಸಿ. ಫೆಬ್ರವರಿಯೊಳಗೆ ಕೆಲಸ ಮುಗಿಯದಿದ್ದರೆ ಆ ವರ್ಷ ಹಿಡಿಯಲೇಬೇಡಿ. ಮಲ್ಪೆ ಕಡೆ ಕಡಲಿಗೆ ಮುಖ ಮಾಡಿದ ಒಂದು ಗೋಡೆಗೆ ಮಾತುಕತೆ ನಡೆದಿದೆ. ಅಲ್ಲಿ ಅಡಿಪದರಕ್ಕೂ ಹೆಂಚಿನ ಪುಡಿ ಬೆರೆಸಿ ನೋಡುತ್ತೇನೆ.