ಮೊದಲು ಟೀಚರ್‌ಗಳೇ ಮಣ್ಣಿಗಿಳಿಯಬೇಕು: ನನ್ನ ಅನುಭವ

ಶಿಶುವಿಹಾರದ ಟೀಚರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಪ್ರಕೃತಿ, ಆರೋಗ್ಯ, ಊಟ, ಓಡಾಟ, ಈ ನಾಲ್ಕೂ ಅದರಲ್ಲಿ ಬರುತ್ತವೆ. ಕಾಗದದ ಮೇಲೆ ಇವು ನಾಲ್ಕು ಪಾಠ. ಆದರೆ ಮಕ್ಕಳ ಜೊತೆ ಅರ್ಧ ದಿನ ಕಳೆದವರಿಗೆ ಗೊತ್ತು, ಇವು ಬಿಡಿಬಿಡಿಯಾಗಿ ಬರುವುದೇ ಇಲ್ಲ. ಅಂಗಳದಲ್ಲಿ ಓಡಿದ ಮಗುವಿಗೆ ಹಸಿವಾಗುತ್ತದೆ. ಮಣ್ಣಾಡಿದ ಕೈಯನ್ನು ತೊಳೆಯಲೇಬೇಕು. ಹೊಟ್ಟೆ ತುಂಬಿ ಮೈ ದಣಿದರೆ ನಿದ್ದೆ ತಾನಾಗಿ ಬರುತ್ತದೆ. ಹಾಗಾಗಿ ತರಬೇತಿಯನ್ನು ನಾನು ವಿಷಯವಾರು ಹಂಚುವುದಿಲ್ಲ. ಮಗುವಿನ ಒಂದು ದಿನ ಹೇಗೆ ಸಾಗುತ್ತದೋ ಹಾಗೇ ನಡೆಸುತ್ತೇನೆ.

ಮಕ್ಕಳು ಮಾಡಬೇಕಾದ್ದನ್ನೆಲ್ಲ ಮೊದಲು ಟೀಚರ್‌ಗಳು ಮಾಡುತ್ತಾರೆ. ಬರೀ ಮಾತಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ಮರುದಿನ ತರಗತಿಯಲ್ಲಿ ಮತ್ತೆ ಅದೇ "ಓಡಬೇಡ, ಮುಟ್ಟಬೇಡ, ಬೇಗ ತಿನ್ನು".

ಶುರು ಮಾಡುವುದು ಹಗ್ಗದಿಂದ. ಒಬ್ಬೊಬ್ಬರಿಗೂ ಒಂದು ಮಾರು ಹಗ್ಗ ಕೊಡುತ್ತೇನೆ. ನೆಲದ ಮೇಲೆ ಎಲ್ಲಿ ಬೇಕಾದರೂ ದುಂಡಗೆ ಇಡಿ, ಅದರೊಳಗೆ ಏನಿದೆ ನೋಡಿ, 15 ನಿಮಿಷ ಯಾರೂ ಮಾತಾಡಬೇಡಿ ಎನ್ನುತ್ತೇನೆ. ಮೊದಲು ಎಲ್ಲರೂ ಸುಮ್ನೆ ಬಗ್ಗಿ ನಿಂತಿರುತ್ತಾರೆ. ಆಮೇಲೆ ಒಬ್ಬೊಬ್ಬರೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೊನೆಗೆ ಕೆಲವರು ಹೊಟ್ಟೆಯ ಮೇಲೆ ಮಲಗಿಯೇ ಬಿಡುತ್ತಾರೆ. ಇರುವೆಯೊಂದು ತನಗಿಂತ ದೊಡ್ಡ ರೆಕ್ಕೆಯನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಒಣಗಿದ ಎಲೆ ಎತ್ತಿದರೆ ಅಡಿಯಲ್ಲಿ ಬಿಳಿ ಬೂಷ್ಟಿನ ಎಳೆಗಳು, ಮುಟ್ಟಿದರೆ ಉಂಡೆಯಾಗುವ ಹುಳ.

ಸಮಯ ಮುಗಿದ ಕೂಡಲೇ ಬರುವ ಪ್ರಶ್ನೆ, "ಇದರ ಹೆಸರೇನು ಮೇಡಂ?" ನಾನು ತಕ್ಷಣ ಹೇಳುವುದಿಲ್ಲ. "ಅದು ಏನು ಮಾಡ್ತಿತ್ತು?" ಎಂದು ಕೇಳುತ್ತೇನೆ. ಎಷ್ಟೋ ಟೀಚರ್‌ಗಳು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗದೇ ಇರುವುದಕ್ಕೆ ಮಳೆ ಬಿಸಿಲಿಗಿಂತ ದೊಡ್ಡ ಕಾರಣ ಈ ಹೆಸರಿನ ಭಯ. ಮಕ್ಕಳು ಕೇಳಿದರೆ ಏನು ಹೇಳುವುದು ಎಂಬ ಅಂಜಿಕೆ. ನಾಲ್ಕು ವರ್ಷದ ಮಗುವಿಗೆ ಹೆಸರು ಆಮೇಲೆ ಸಿಕ್ಕರೂ ಸಾಕು. ಪಕ್ಕದಲ್ಲಿ ಕೂತು ತನ್ನಷ್ಟೇ ಆಸೆಯಿಂದ ನೋಡುವ ದೊಡ್ಡವರೊಬ್ಬರು ಬೇಕು, ಅಷ್ಟೇ. ಆದರೆ ಅಂಗಳದಲ್ಲಿರುವ ವಿಷದ ಗಿಡಗಳ ಹೆಸರು ಮಾತ್ರ ಗೊತ್ತಿರಲೇಬೇಕು. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಹರಳು ಬೀಜ ನೋಡಲು ಚೆಂದ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. "ಕೇಳದೆ ಏನನ್ನೂ ಬಾಯಿಗೆ ಹಾಕಬಾರದು" ಎನ್ನುವುದು ಹೊರಗಿನ ಮೊದಲ ನಿಯಮ.

ಕೈತೋಟ ಹೆಚ್ಚುವರಿ ಕೆಲಸ, ಸಮಯ ಮಿಕ್ಕಿದರೆ ನೋಡೋಣ ಎನ್ನುವವರಿಗೆ ಜರ್ಮನಿಯ ಶಿಕ್ಷಣ ತಜ್ಞ ಫ್ರೋಬೆಲ್ ವಿಷಯ ಹೇಳುತ್ತೇನೆ. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನು 1840ರಲ್ಲಿ ಕೊಟ್ಟವರು ಅವರೇ. ಅವರ ಮಕ್ಕಳ ತೋಟದಲ್ಲಿ ಒಂದೊಂದು ಮಗುವಿಗೂ ತನ್ನದೇ ಪುಟ್ಟ ಪಾತಿ ಇರುತ್ತಿತ್ತು. ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಗಳೂ ಇದ್ದವು. ಅಂದರೆ ಈ ಶಾಲೆಗಳು ಹುಟ್ಟಿದಾಗಲೇ ಮಣ್ಣು ಪಾಠದ ಒಳಗೇ ಇತ್ತು. ಜಾಗ ಇಲ್ಲದ ಕಡೆ ಅಗಲವಾದ ಕುಂಡ ಸಾಕು. ಬೇಗ ಮೊಳೆಯುವ ಬೀಜ ಹಾಕಿಸಿ. ಈ ವಯಸ್ಸಿಗೆ ಒಂದು ವಾರ ಕಾಯುವುದೇ ಜಾಸ್ತಿ, ಅಲ್ವಾ?

ತರಬೇತಿಯಲ್ಲಿ ಎಲ್ಲರಿಗೂ ಕಷ್ಟವಾಗುವುದು ಸುಮ್ಮನಿದ್ದು ನೋಡುವುದು. ಮಕ್ಕಳು ಆಡುವ ಅಂಗಳದಲ್ಲಿ ಒಂದು ದಪ್ಪ ಮರದ ದಿಮ್ಮಿ ಇಟ್ಟು, ಅದು ಹೊರಳದಂತೆ ಮಣ್ಣಲ್ಲಿ ಹೂತಿರುತ್ತೇವೆ. ಟೀಚರ್ ಒಂದು ಮಗುವನ್ನು ಆರಿಸಿಕೊಂಡು, ಕಂಡದ್ದನ್ನು ಬರೆಯುತ್ತಾ ಹೋಗಬೇಕು. ಸಹಾಯ ಮಾಡುವ ಹಾಗಿಲ್ಲ, "ಹುಷಾರು" ಎನ್ನುವ ಹಾಗಿಲ್ಲ. ಒಮ್ಮೆ ಒಬ್ಬ ಹುಡುಗಿ ದಿಮ್ಮಿಯ ಹತ್ತಿರ ಬಂದಳು. ಒಂದು ಕಾಲಿಟ್ಟಳು, ತೆಗೆದಳು. ಎರಡೂ ಕೈ ಊರಿ ಮೊಣಕಾಲಲ್ಲಿ ಹತ್ತಿದಳು. ಹಾಗೇ ಕೂತು ಸುತ್ತ ನೋಡಿದಳು, ಇಳಿದಳು. ಮತ್ತೆ ಹತ್ತಿದಳು. ಈ ಸಲ ಕಾಲ ಬೆರಳುಗಳನ್ನು ಮಡಚಿ ತೊಗಟೆಗೆ ಒತ್ತಿ ಹಿಡಿದು, ಮೆಲ್ಲಗೆ ಎದ್ದು ನಿಂತಳು. ನೋಡುತ್ತಿದ್ದ ಟೀಚರ್‌ಗೆ ಎರಡು ಸಲ ಕೈ ಚಾಚುವ ಮನಸ್ಸಾಗಿತ್ತಂತೆ. ಚಾಚಿದ್ದರೆ ಆ ಬೆರಳು ಮಡಚುವ ಉಪಾಯ ಮಗುವಿಗೆ ಹೊಳೆಯುತ್ತಲೇ ಇರಲಿಲ್ಲ ಎಂದು ಅವರೇ ಬರೆದಿದ್ದರು.

ಹಾಗಂತ ಏನಾದರೂ ಆಗಲಿ ಎಂದು ಬಿಡುವುದಲ್ಲ. ಒಡೆದ ಗಾಜು, ಕೊಳೆತ ಕೊಂಬೆ, ಸಡಿಲಾದ ಮೊಳೆ ಮಗುವಿನ ಕಣ್ಣಿಗೆ ಕಾಣುವುದಿಲ್ಲ. ಅವನ್ನು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ನಾವು ತೆಗೆಯಬೇಕು. ಎತ್ತರ ಮಗುವಿಗೆ ಕಾಣುತ್ತದೆ, ಅದನ್ನು ಅಳೆಯಲು ಅದು ಕಲಿಯುತ್ತದೆ. "ಹುಷಾರು, ಬೀಳ್ತೀಯಾ" ಎನ್ನುವ ಬದಲು "ಇನ್ನೊಂದು ಕಾಲು ಎಲ್ಲಿಡ್ತೀಯಾ?" ಎಂದು ಕೇಳುವುದನ್ನು ಬಾಯಿಗೆ ಬರುವವರೆಗೂ ಅಭ್ಯಾಸ ಮಾಡಿಸುತ್ತೇನೆ.

ಓಡಾಟದ ವಿಷಯಕ್ಕೆ ಬಂದಾಗ ಗಡಿಯಾರ ಹೊರಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಂದು ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ 3 ಮತ್ತು 4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಬೇಕು. ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವಂಥ ಆಟ ಇರಬೇಕು. ಈ ಅಂಕಿ ಕೇಳಿದ ಟೀಚರ್‌ಗಳು "ನಮ್ಮ ಮಕ್ಕಳು ಇಡೀ ದಿನ ಕುಣಿಯುತ್ತಲೇ ಇರುತ್ತಾರಲ್ಲ" ಎನ್ನುತ್ತಾರೆ. ಆಗ ಒಂದು ಮಗುವಿನ ದಿನವನ್ನು ಐದೈದು ನಿಮಿಷದ ಚೌಕಗಳಾಗಿ ಬಣ್ಣ ಹಚ್ಚಲು ಕೊಡುತ್ತೇನೆ. ಕೂತದ್ದು ಒಂದು ಬಣ್ಣ, ನಡೆದದ್ದು ಇನ್ನೊಂದು, ಓಡಿದ್ದು ಮತ್ತೊಂದು. ಸಾಲಲ್ಲಿ ಕಾಯುವುದಕ್ಕೂ ಒಂದು ಬಣ್ಣ. ಹಾಳೆ ತುಂಬಿದ ಮೇಲೆ ಕಾಯುವ ಬಣ್ಣವೇ ಎದ್ದು ಕಾಣುತ್ತದೆ. ಕೈ ತೊಳೆಯಲು ಸಾಲು, ಚಪ್ಪಲಿ ಹಾಕಲು ಸಾಲು, ತಟ್ಟೆಗೆ ಸಾಲು. ಮಕ್ಕಳನ್ನು ಚಿಕ್ಕ ಗುಂಪು ಮಾಡಿ ಕಳಿಸಿದರೆ ಉಳಿದವರು ಆಡುತ್ತಿರಬಹುದು. ಬೇರೇನೂ ಸಾಮಾನು ಬೇಡ.

ಬರವಣಿಗೆಯ ಅವಸರ ಇರುವ ಶಾಲೆಗಳಲ್ಲಿ ನಾನು ಪೆನ್ಸಿಲ್ ವಿಷಯದಿಂದಲೇ ಶುರು ಮಾಡುತ್ತೇನೆ. ಬೆರಳು ಸ್ಥಿರವಾಗಿ ಆಡಬೇಕಾದರೆ ಹೆಗಲು, ಬೆನ್ನು ಗಟ್ಟಿಯಾಗಿರಬೇಕು. ಜೋತಾಡುವುದು, ಅಂಬೆಗಾಲಲ್ಲಿ ಹೋಗುವುದು, ಭಾರದ ಡಬ್ಬ ತಳ್ಳುವುದು, ನೀರು ತುಂಬಿದ ಬಕೆಟ್ ಎತ್ತುವುದು, ಇವೆಲ್ಲ ಬರವಣಿಗೆಗೆ ತಯಾರಿಯೇ. ಟೀಚರ್‌ಗಳನ್ನೂ ಕರಡಿ ನಡಿಗೆ ನಡೆಸುತ್ತೇನೆ. ಕೋಣೆಯ ಆ ತುದಿ ಮುಟ್ಟುವಷ್ಟರಲ್ಲಿ ಹೆಗಲೇ ಉತ್ತರ ಹೇಳಿರುತ್ತದೆ.

ಊಟದ ಪಾಠ ಸ್ವಲ್ಪ ಖಾರ. ಇಬ್ಬಿಬ್ಬರನ್ನು ಜೊತೆ ಮಾಡುತ್ತೇನೆ. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ತಿನ್ನಿಸಬೇಕು. ತಟ್ಟೆಯಲ್ಲಿ ಅವರು ಎಂದೂ ತಿನ್ನದ ಹಸಿ ತರಕಾರಿ. ಯಾವುದಕ್ಕಾದರೂ ಅಲರ್ಜಿ ಇದೆಯಾ ಎಂದು ಮೊದಲೇ ಕೇಳಿರುತ್ತೇನೆ. ತಿನ್ನಿಸುವವರು ಮಕ್ಕಳಿಗೆ ಹೇಳುವ ಮಾತುಗಳನ್ನೇ ಹೇಳಬೇಕು: "ಇನ್ನೊಂದೇ ತುತ್ತು", "ನೋಡು, ಅವನು ಖಾಲಿ ಮಾಡಿದ". ಎರಡನೇ ತುತ್ತಿಗೇ ಬಾಯಿ ಬಿಗಿಯುತ್ತದೆ, ಕುತ್ತಿಗೆ ಹಿಂದಕ್ಕೆ ಹೋಗುತ್ತದೆ. ಒಬ್ಬ ಟೀಚರ್ ಕಣ್ಣು ತೆರೆದು ತಟ್ಟೆಯನ್ನು ಎರಡೂ ಕೈಯಲ್ಲಿ ದೂಡಿದರು. "ನನ್ನ ತರಗತಿಯ ಒಂದು ಮಗು ದಿನಾ ಹೀಗೇ ಮಾಡುತ್ತೆ" ಎಂದು ಹೇಳಿ ಸುಮ್ಮನೆ ಕೂತರು. ಆ ನಂತರ ನಾನು ಹೆಚ್ಚು ಹೇಳಬೇಕಾಗುವುದಿಲ್ಲ. ಏನು ಬಡಿಸಬೇಕು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಜವಾಬ್ದಾರಿ. ತಿನ್ನಬೇಕಾ, ಎಷ್ಟು ತಿನ್ನಬೇಕು ಎನ್ನುವುದು ಮಗುವಿಗೆ ಬಿಟ್ಟದ್ದು. ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಈ ಹಂಚಿಕೆಯನ್ನೇ ನಾನು ಕಲಿಸುತ್ತೇನೆ. ಹೊಸ ರುಚಿಗೆ ಒಗ್ಗಲು ಮಗುವಿಗೆ ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ ಸಲ ಅದು ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಬೀಳಬೇಕು. ಮಕ್ಕಳು ತಾವೇ ತೊಳೆದು ಬಿಡಿಸಿದ ಸೊಪ್ಪಾದರೆ ಅರ್ಧ ಅಪರಿಚಿತತನ ಅಲ್ಲೇ ಹೋಗಿರುತ್ತದೆ.

ಆರೋಗ್ಯದಲ್ಲಿ ಎರಡೇ ವಿಷಯ ಬಿಡದೆ ಮಾಡಿಸುತ್ತೇನೆ. ಕೈಗೆ ಎಣ್ಣೆ ಸವರಿ ಮೇಲೆ ಬಣ್ಣದ ಪುಡಿ ಉದುರಿಸಿ ಬರೀ ನೀರಲ್ಲಿ ತೊಳೆಯಲು ಹೇಳುತ್ತೇನೆ. ಬಣ್ಣ ಹೋಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿದ ಮೇಲೂ ಹೆಬ್ಬೆರಳ ಬುಡ, ಉಗುರಂಚಲ್ಲಿ ಗೆರೆ ಉಳಿದಿರುತ್ತದೆ. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುವುದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಐದು ವರ್ಷದೊಳಗಿನವರಿಗೆ ಕಡಲೆಕಾಯಿ, ಗೋಡಂಬಿಯಂಥ ಬೀಜಗಳನ್ನು ಇಡಿಯಾಗಿ ಕೊಡುವುದು ಬೇಡ. ತಿನ್ನುವಾಗ ಓಡಬಾರದು. ಕೆಮ್ಮಲೂ ಆಗದ ಮಗುವಿಗೆ ಬೆನ್ನಿನ ಮೇಲೆ 5 ಪೆಟ್ಟು, ಹೊಟ್ಟೆಯ ಮೇಲೆ 5 ಒತ್ತು, ಇದನ್ನು ಓದಿ ಕಲಿಯಲಾಗದು. ಪ್ರಥಮ ಚಿಕಿತ್ಸೆ ಕಲಿತವರನ್ನು ಕರೆಸಿ, ಗೊಂಬೆಯ ಮೇಲೆ ಪ್ರತಿಯೊಬ್ಬರಿಂದಲೂ ಮಾಡಿಸುತ್ತೇನೆ.

ಇದನ್ನೆಲ್ಲ ಸತತ ದಿನಗಳಲ್ಲಿ ಮುಗಿಸುವುದು ನನಗೆ ಇಷ್ಟವಿಲ್ಲ. ಒಂದು ದಿನ ಕಲಿತು, ಕೆಲವು ವಾರ ಮಕ್ಕಳ ಜೊತೆ ಮಾಡಿ ನೋಡಿ, ಆಮೇಲೆ ಮರಳಿ ಬಂದಾಗಲೇ ನಿಜವಾದ ಪ್ರಶ್ನೆಗಳು ಬರುತ್ತವೆ. ಇನ್ನೊಂದು ಷರತ್ತನ್ನೂ ಹಾಕುತ್ತೇನೆ. ಶಾಲೆಯ ಮುಖ್ಯಸ್ಥರು ಮೊದಲ ದಿನ ಪೂರ್ತಿ ನಮ್ಮ ಜೊತೆ ಇರಬೇಕು, ಹಗ್ಗದೊಳಗೆ ನೋಡಬೇಕು, ಬಣ್ಣದ ಹಾಳೆ ತುಂಬಬೇಕು. ವೇಳಾಪಟ್ಟಿ ಇರುವುದು ಅವರ ಕೈಯಲ್ಲಿ. ಬಟ್ಟೆ ಕೊಳೆಯಾಯಿತು ಎಂದು ದೂರುವ ಪೋಷಕರಿಗೆ ಉತ್ತರ ಹೇಳಬೇಕಾದವರೂ ಅವರೇ.