ಪುಟ್ಟ ಉಪಗ್ರಹಕ್ಕೊಂದು ಮೊಬೈಲ್ ಆ್ಯಪ್: ತಿರುಗುವ ಭೂಮಿ ಆಮೇಲೆ, ಮೊದಲು ಗಡಿಯಾರ

ಕ್ಯೂಬ್‌ಸ್ಯಾಟ್ ಅಂದರೆ ಡಬ್ಬಿಯಷ್ಟು ಪುಟ್ಟ ಉಪಗ್ರಹ. ಅದನ್ನು ನೋಡಿಕೊಳ್ಳುವ ತಂಡಗಳ ಆ್ಯಪ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತೆರೆದ ಕೂಡಲೇ ನೀಲಿ ಭೂಮಿ ಗಿರಗಿರ ತಿರುಗುತ್ತದೆ, ಸುತ್ತ ಒಂದು ಚುಕ್ಕಿ ಓಡುತ್ತದೆ, ಕೆಳಗೆ ಹಸಿರು ಬಣ್ಣದಲ್ಲಿ ಬ್ಯಾಟರಿ 7.9 ವೋಲ್ಟ್ ಅಂತ ಇರುತ್ತದೆ. ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಆ 7.9 ನಿನ್ನೆ ಸಂಜೆಯದ್ದು! ಆಮೇಲೆ ಉಪಗ್ರಹ ಬದುಕಿದೆಯೋ ಇಲ್ಲವೋ ಆ್ಯಪ್‌ಗೂ ಗೊತ್ತಿಲ್ಲ.

ವಿನ್ಯಾಸ ಮಾಡುವವರು ಉಪಗ್ರಹವನ್ನು ಯಾವಾಗ ಕೇಳಿದರೂ ಉತ್ತರಿಸುವ ಸರ್ವರ್ ಅಂದುಕೊಂಡಿರುತ್ತಾರೆ, ತೊಂದರೆ ಅಲ್ಲಿಂದಲೇ ಶುರು. 500 ಕಿಲೋಮೀಟರ್ ಎತ್ತರದ ಉಪಗ್ರಹ ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ, ದಿನಕ್ಕೆ ಸುಮಾರು 15 ಸುತ್ತು. ನೆಲದಲ್ಲಿ ಆಂಟೆನಾ ಇಟ್ಟು ಉಪಗ್ರಹದ ಸಿಗ್ನಲ್ ಹಿಡಿಯುವ ಒಂದು ಗ್ರೌಂಡ್ ಸ್ಟೇಷನ್‌ಗೆ ಸಾಮಾನ್ಯವಾಗಿ ಅದರಲ್ಲಿ ಕೆಲವೇ ಸುತ್ತು ಸಿಗುತ್ತವೆ, ಅದೂ ಒಮ್ಮೆಗೆ ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. ಹೀಗೆ ಉಪಗ್ರಹ ಒಮ್ಮೆ ಹಾದುಹೋಗುವುದನ್ನು ಪಾಸ್ ಅನ್ನುತ್ತಾರೆ. ಮಿಕ್ಕ ಹೊತ್ತೆಲ್ಲ ಮೌನ.

ಹೆಜ್ಜೆ 1. ಪಾಳಿಯಲ್ಲಿರುವವರು ಫೋನ್ ತೆಗೆದು ಕೇಳುವುದು ಮೂರೇ ಪ್ರಶ್ನೆ: ಬದುಕಿದೆಯಾ, ಮುಂದಿನ ಪಾಸ್ ಯಾವಾಗ, ನಾನೀಗ ಏಳಬೇಕಾ? ಮೊದಲ ಪರದೆಯಲ್ಲಿ ಈ ಮೂರಕ್ಕೆ ಮಾತ್ರ ಜಾಗ ಕೊಡಿ.

ಹೆಜ್ಜೆ 2. ಪಾಸ್ ಲೆಕ್ಕ. ಉಪಗ್ರಹ ಯಾವಾಗ ಎಲ್ಲಿರುತ್ತದೆ ಅಂತ ಲೆಕ್ಕ ಹಾಕುವ ಎಸ್‌ಜಿಪಿ4 ಲೈಬ್ರರಿ ಸಿದ್ಧವಾಗಿ ಸಿಗುತ್ತದೆ, ಸ್ವಂತ ಲೆಕ್ಕ ಬರೆಯಲು ಹೋಗಬೇಡಿ. ಕಕ್ಷೆಯ ಮಾಹಿತಿ ಸೆಲೆಸ್‌ಟ್ರ್ಯಾಕ್ ಅನ್ನುವ ಜಾಲತಾಣದಲ್ಲಿದೆ. ಪ್ರತಿ ಫೋನೂ ಅಲ್ಲಿಗೆ ಹೋಗಿ ಬಾಗಿಲು ಬಡಿಯಬಾರದು, ನಿಮ್ಮ ಸರ್ವರ್ ಒಮ್ಮೆ ತಂದು ಎಲ್ಲರಿಗೂ ಹಂಚಲಿ. ಎರಡು ಗಂಟೆಗೊಮ್ಮೆಗಿಂತ ಜಾಸ್ತಿ ಕೇಳುವ ಅಗತ್ಯವಿಲ್ಲ, ಸುಮ್ನೆ ಕೇಳುತ್ತಲೇ ಇದ್ದರೆ ಬ್ಲಾಕ್ ಮಾಡುತ್ತಾರೆ. ಆ ಮಾಹಿತಿಯ ಹಳೆಯ ಎರಡು ಸಾಲಿನ ನಮೂನೆಯಲ್ಲಿ ಉಪಗ್ರಹದ ಕ್ಯಾಟಲಾಗ್ ಸಂಖ್ಯೆಗೆ ಐದು ಅಂಕಿಯ ಜಾಗವಷ್ಟೇ ಇದೆ, ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಹಾಗಾಗಿ ಹೊಸದಾಗಿ ಬರೆಯುವವರು ಜೇಸನ್ ರೂಪದ್ದನ್ನೇ ಬಳಸಿ. ದಿಗಂತದಿಂದ 10 ಡಿಗ್ರಿ ಮೇಲೇರದ ಪಾಸ್‌ಗಳನ್ನು ಪಟ್ಟಿಯಿಂದ ತೆಗೆದುಬಿಡಿ, ಅವುಗಳಿಂದ ನಿದ್ದೆ ಹಾಳು ಅಷ್ಟೇ.

ಹೆಜ್ಜೆ 3. ಸಮಯ. ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಒಂದೊಂದು ಅಳತೆಗೂ ಮೂರು ಸಮಯ ಇರುತ್ತದೆ: ಉಪಗ್ರಹ ಅಳೆದದ್ದು ಯಾವಾಗ, ಗ್ರೌಂಡ್ ಸ್ಟೇಷನ್‌ಗೆ ಸಿಕ್ಕಿದ್ದು ಯಾವಾಗ, ಫೋನಿಗೆ ಬಂದದ್ದು ಯಾವಾಗ. ಮೂರನ್ನೂ ಬೇರೆ ಬೇರೆ ಉಳಿಸಿಡಿ. ಬಹಳಷ್ಟು ಆ್ಯಪ್‌ಗಳು ಮೂರನೆಯದನ್ನು ಹಿಡಿದುಕೊಂಡು ‘ಈಗಷ್ಟೇ ಅಪ್‌ಡೇಟ್ ಆಗಿದೆ’ ಅನ್ನುತ್ತವೆ. ಬಂದದ್ದು ಸರ್ವರ್‌ನ ಉತ್ತರ, ಒಳಗಿನ ಅಂಕಿ ಹಳೆಯದೇ.

ಹಾಗಂತ ಉಪಗ್ರಹದ ಗಡಿಯಾರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಂಪ್ಯೂಟರ್ ರೀಸೆಟ್ ಆಗುವುದು ಅಲ್ಲಿ ಮಾಮೂಲಿ. ಆದಮೇಲೆ ಎಷ್ಟೋ ಉಪಗ್ರಹಗಳ ಗಡಿಯಾರ ಅದರ ಎಣಿಕೆ ಶುರುವಾಗುವ 1970ಕ್ಕೋ 2000ಕ್ಕೋ ಹೋಗಿ ಕೂರುತ್ತದೆ, ನೆಲದಿಂದ ಸಮಯ ಹೊಂದಿಸುವವರೆಗೂ ಅಲ್ಲೇ. ನೀವು ಆ ಸಮಯದ ಪ್ರಕಾರ ‘ಹೊಸದು ಮೊದಲು’ ಅಂತ ಜೋಡಿಸಿದ್ದರೆ ಆಗ ಉಪಗ್ರಹ ಕಳಿಸಿದ ಫ್ರೇಮ್‌ಗಳೆಲ್ಲ (ಸಂದೇಶದ ತುಣುಕುಗಳು) ಪಟ್ಟಿಯ ತಳಕ್ಕೆ ಬಿದ್ದು ಮಾಯವಾಗುತ್ತವೆ, ಮತ್ತು ಉಪಗ್ರಹಕ್ಕೆ ಏನೋ ಆಗಿರುವ ಹೊತ್ತಿನಲ್ಲೇ ಆ್ಯಪ್ ನಿನ್ನೆಯ ಆರೋಗ್ಯ ತೋರಿಸುತ್ತಾ ಕೂರುತ್ತದೆ. ಬೀಕನ್ ಫ್ರೇಮ್‌ಗಳನ್ನು, ಅಂದರೆ ಉಪಗ್ರಹ ತನ್ನ ಆಗಿನ ಸ್ಥಿತಿಯನ್ನು ತಾನಾಗಿ ಆಗಾಗ ಕೂಗಿ ಹೇಳುವ ಸಂದೇಶಗಳನ್ನು, ನೆಲಕ್ಕೆ ಸಿಕ್ಕ ಸಮಯದಿಂದಲೇ ಜೋಡಿಸಿ. ರೀಸೆಟ್ ಎಷ್ಟು ಸಲ ಆಗಿದೆ, ಕೊನೆಯ ಸಲ ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ.

ಇದರಲ್ಲಿ ಇನ್ನೊಂದು ಬಲೆ ಇದೆ. ಉಪಗ್ರಹ ಹಿಂದೆ ಅಳೆದು ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನೂ ಪಾಸ್‌ನಲ್ಲಿ ಕಳಿಸುತ್ತದೆ. ಅದನ್ನು ಬೀಕನ್ ಜೊತೆ ಒಂದೇ ಕಡೆ ಸುರಿದರೆ, ಮೊನ್ನೆಯ ಕಡಿಮೆ ವೋಲ್ಟೇಜ್ ಇವತ್ತು ಮಧ್ಯರಾತ್ರಿ ಅಲಾರಂ ಹೊಡೆಯುತ್ತದೆ. ಎರಡಕ್ಕೂ ಬೇರೆ ಬೇರೆ ಟೇಬಲ್ ಇರಲಿ.

ಪರದೆಯಲ್ಲಿ ಪ್ರತಿ ಅಂಕಿಯ ಕೆಳಗೂ ‘3 ಗಂಟೆ 12 ನಿಮಿಷ ಹಿಂದೆ’ ಅಂತ ಅದರ ವಯಸ್ಸು ಬರೆಯಿರಿ. ಬೂದು ಬಣ್ಣದ ಸಣ್ಣ ಅಕ್ಷರ ಬೇಡ, ಅಂಕಿಯಷ್ಟೇ ದಪ್ಪ ಇರಲಿ. ಸಿಗಬೇಕಿದ್ದ ಪಾಸ್ ತಪ್ಪಿತು ಅಂದರೆ ಅಂಕಿಯ ಬಣ್ಣ ತೆಗೆದು ಮಂಕಾಗಿಸಿ. ಕೆಂಪು-ಹಸಿರು ವ್ಯತ್ಯಾಸ ಕಾಣದವರು ನಿಮ್ಮ ತಂಡದಲ್ಲೇ ಇರಬಹುದು, ಬಣ್ಣದ ಜೊತೆ ಆಕಾರವೂ ಬದಲಾಗಲಿ. ಗಂಟೆಯನ್ನು ಯುಟಿಸಿಯಲ್ಲೂ (ಜಗತ್ತಿಗೆಲ್ಲ ಒಂದೇ ಆದ ಸಮಯ) ಸ್ಥಳೀಯ ಸಮಯದಲ್ಲೂ ಅಕ್ಕಪಕ್ಕ ತೋರಿಸಿ. ಬದಲಿಸುವ ಸ್ವಿಚ್ ಕೊಟ್ಟರೆ ಯಾರೋ ಒಬ್ಬರು ಬದಲಿಸಿ ಮರೆಯುತ್ತಾರೆ.

ರೆಡಿಮೇಡ್ ಚಾರ್ಟ್ ಲೈಬ್ರರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬಿಂದುಗಳ ನಡುವೆ ಚೆಂದವಾಗಿ ಬಳುಕುವ ಗೆರೆ ಎಳೆಯುತ್ತವಲ್ಲ, ಆ ಆಯ್ಕೆಯನ್ನು ಮೊದಲು ಆಫ್ ಮಾಡಿ. ಒಂಬತ್ತು ಗಂಟೆ ಅಂತರದ ಎರಡು ಬಿಂದುಗಳ ನಡುವೆ ಬ್ಯಾಟರಿ ಐದಾರು ಸಲ ಭೂಮಿಯ ನೆರಳಿಗೆ ಹೋಗಿ ಬಂದಿರಬಹುದು, ಆದರೆ ಗೆರೆ ನೋಡಿದರೆ ನೆಮ್ಮದಿಯಾಗಿ ಮಲಗಿತ್ತು ಅನ್ನಿಸುತ್ತದೆ. ಬಿಂದು ಮಾತ್ರ ಹಾಕಿ, ನಡುವೆ ಖಾಲಿ ಬಿಡಿ.

ಹೆಜ್ಜೆ 4. ಅಲಾರಂ. ನೆರಳಿನಲ್ಲಿ ವೋಲ್ಟೇಜ್ ಇಳಿಯುವುದು ಸಹಜ, ಒಂದು ಸುತ್ತಿನಲ್ಲಿ ಸುಮಾರು 35 ನಿಮಿಷ ನೆರಳೇ ಇರಬಹುದು. ಹಾಗಾಗಿ ಬಿಸಿಲಿಗೊಂದು ಮಿತಿ, ನೆರಳಿಗೊಂದು ಮಿತಿ ಇಡಿ. ಲಿಥಿಯಂ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ತಣ್ಣಗಾದರೆ ಗಾಬರಿ ಬೇಡ, ಆ ಚಳಿಯಲ್ಲಿ ಚಾರ್ಜ್ ಆಗುತ್ತಿದ್ದರೆ ಎಬ್ಬಿಸಿ.

‘ಮೂರು ಗಂಟೆಯಿಂದ ಡೇಟಾ ಇಲ್ಲ’ ಅನ್ನುವ ಅಲಾರಂ ಶುದ್ಧ ದಂಡ. ಪಾಸೇ ಇಲ್ಲದಿದ್ದರೆ ಡೇಟಾ ಎಲ್ಲಿಂದ ಬರಬೇಕು ಅಲ್ವಾ? ಒಳ್ಳೆಯ ಎತ್ತರದ ಒಂದು ಪಾಸ್ ಖಾಲಿ ಹೋದರೆ ಸೂಚನೆ, ಸತತ ಎರಡು ಹೋದರೆ ಅಲಾರಂ. ಅದಕ್ಕೂ ಮೊದಲು, ಅದೇ ಆಂಟೆನಾಗೆ ಅದೇ ಹೊತ್ತಿನಲ್ಲಿ ಬೇರೆ ಉಪಗ್ರಹ ಕೇಳಿಸಿತಾ ಅಂತ ಆ್ಯಪ್ ತಾನೇ ನೋಡಲಿ. 437 ಮೆಗಾಹರ್ಟ್ಸ್‌ನಲ್ಲಿ ಡಾಪ್ಲರ್‌ನಿಂದ, ಅಂದರೆ ಉಪಗ್ರಹದ ಓಟದಿಂದಾಗಿ, ಸಿಗ್ನಲ್ ಸುಮಾರು 10 ಕಿಲೋಹರ್ಟ್ಸ್ ಆಚೀಚೆ ಸರಿಯುತ್ತದೆ. ಅದನ್ನು ಸರಿಪಡಿಸುವ ಪ್ರೋಗ್ರಾಂ ನಿಂತಿದ್ದರೆ ಉಪಗ್ರಹ ಕೂಗುತ್ತಲೇ ಇರುತ್ತದೆ, ಕಿವುಡು ನಮ್ಮದು. ಹವ್ಯಾಸಿ ರೇಡಿಯೋ ಬ್ಯಾಂಡಿನ ಉಪಗ್ರಹವಾದರೆ ಸ್ಯಾಟ್‌ನಾಗ್ಸ್ ಅನ್ನುವ ಜಾಲದ ಸ್ವಯಂಸೇವಕರ ಸ್ಟೇಷನ್‌ಗಳಲ್ಲಿ ಯಾರಿಗಾದರೂ ಕೇಳಿಸಿತಾ ಅಂತಲೂ ನೋಡಬಹುದು.

ಫೋನಿನ ನೋಟಿಫಿಕೇಷನ್ ತಲುಪಿಯೇ ತಲುಪುತ್ತದೆ ಅನ್ನುವ ಭರವಸೆ ಇಲ್ಲ. ಆಂಡ್ರಾಯ್ಡ್ 6ರಿಂದ ಮಲಗಿದ ಫೋನ್ ಆ್ಯಪ್‌ಗಳನ್ನೂ ಮಲಗಿಸುತ್ತದೆ. ಐಫೋನ್‌ನಲ್ಲಿ ಸೈಲೆಂಟ್ ಇದ್ದರೂ ಸದ್ದು ಮಾಡಬೇಕೆಂದರೆ ಆ್ಯಪಲ್‌ನಿಂದ ಬೇರೆ ಅನುಮತಿ ಬೇಕು. ಐದು ನಿಮಿಷದಲ್ಲಿ ಯಾರೂ ‘ನೋಡಿದೆ’ ಒತ್ತದಿದ್ದರೆ ಸರ್ವರ್ ಮುಂದಿನವರಿಗೆ ನೇರ ಫೋನ್ ಕರೆ ಮಾಡಲಿ.

ಹೆಜ್ಜೆ 5. ಕಮಾಂಡ್ ಕಳಿಸುವ ಬಟನ್ ಬೇಡ. ದೃಢೀಕರಣದ ಕಿಟಕಿ ಇಟ್ಟರೂ ಬೇಡ, ಪಾಸ್‌ವರ್ಡ್ ಇಟ್ಟರೂ ಬೇಡ. ಫೋನ್ ಜೇಬಿನಲ್ಲಿರುತ್ತದೆ, ಮಕ್ಕಳ ಕೈಗೂ ಹೋಗುತ್ತದೆ.

ಇಷ್ಟೆಲ್ಲ ಕೋಡ್ ಬರೆಯಲು ಪುರುಸೊತ್ತಿಲ್ಲ ಅನ್ನುವ ತಂಡಕ್ಕೆ ಒಂದು ಟೆಲಿಗ್ರಾಂ ಬಾಟ್ ಸಾಕು. ಪಾಸ್ ಮುಗಿದಾಗ ನಾಲ್ಕು ಸಾಲು ಕಳಿಸಲಿ. ಚೆಂದದ ಆದರೆ ವಯಸ್ಸು ಹೇಳದ ಆ್ಯಪ್‌ಗಿಂತ ಅದು ಎಷ್ಟೋ ವಾಸಿ.

ಹೆಜ್ಜೆ 6. ಪರೀಕ್ಷೆ. ಹಳೆಯ ಟೆಲಿಮೆಟ್ರಿ (ಉಪಗ್ರಹ ಕಳಿಸಿದ ಅಳತೆಗಳ) ಫೈಲ್ ಒಂದನ್ನು ತೆಗೆದುಕೊಂಡು ನಿಜವಾದ ವೇಗದಲ್ಲೇ ಸರ್ವರ್‌ಗೆ ಮತ್ತೆ ಹರಿಸಿ. ನಡುವೆ ಗಡಿಯಾರವನ್ನು 1970ಕ್ಕೆ ತಳ್ಳಿ, ಒಂದು ಪಾಸ್ ಪೂರ್ತಿ ಅಳಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಆಮೇಲೆ ಈ ಉಪಗ್ರಹದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಬ್ಯಾಟರಿ ಈಗ ಎಷ್ಟಿದೆ ಅಂತ ಕೇಳಿ. ‘ಈಗಿನದ್ದು ಗೊತ್ತಿಲ್ಲ, ಇದು ಬೆಳಿಗ್ಗೆಯದ್ದು’ ಅಂತ ಅವರು ಹೇಳಿದರೆ ಆ್ಯಪನ್ನು ತಂಡಕ್ಕೆ ಹಂಚಬಹುದು. ಬರೀ ವೋಲ್ಟ್ ಹೇಳಿದರೆ ಮತ್ತೆ ಮೂರನೇ ಹೆಜ್ಜೆಗೆ ಹೋಗಿ.