ಚೌತಿಗೆ ಊರಿಗೆ ಹೊರಡುವ ಮುನ್ನ ಎಂಜಿನ್ ಆಯಿಲ್ ಸರಿಯಾಗಿ ಅಳೆಯಿರಿ

ಮುಂಬಯಿ, ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಕಾರು ತೆಗೆಯುವವರು ಟೈರಿನ ಗಾಳಿಯನ್ನು ಮರೆಯದೆ ನೋಡಿಸುತ್ತಾರೆ. ಆಯಿಲ್ ಮಟ್ಟ ತೋರಿಸುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಮಾತ್ರ ಕಾರು ನಿಂತಲ್ಲೇ ಒಮ್ಮೆ ಎಳೆದು, ಎಣ್ಣೆ ಅಂಟಿದ್ದರೆ ಸಾಕೆಂದು ಬಾನೆಟ್ ಮುಚ್ಚಿಬಿಡುತ್ತಾರೆ. ಆ ಅಳತೆಯನ್ನು ನಂಬುವಂತಿಲ್ಲ.

ಮೊದಲು ಜಾಗ. ಸೊಸೈಟಿಯ ರ‍್ಯಾಂಪ್, ಮಳೆನೀರು ಹರಿಯಲೆಂದು ಓರೆ ಮಾಡಿದ ಅಂಗಳ ಎರಡೂ ಬೇಡ. ಕಾರು ವಾಲಿದರೆ ಎಂಜಿನ್ ತಳದ ತೊಟ್ಟಿಯಾದ ಸಂಪಿನೊಳಗಿನ ಆಯಿಲೂ ಒಂದು ಬದಿಗೆ ಸರಿಯುತ್ತದೆ, ಕಡ್ಡಿ ಹೆಚ್ಚೋ ಕಡಿಮೆಯೋ ತೋರಿಸುತ್ತದೆ. ಸಮತಟ್ಟಾದ ನೆಲ ಹುಡುಕಿ.

ಆಮೇಲೆ ಸಮಯ. ಎಂಜಿನ್ ಬಿಸಿಯಾಗಿ, ಆಫ್ ಮಾಡಿ ಐದರಿಂದ ಹತ್ತು ನಿಮಿಷ ಕಳೆದಿರಬೇಕು. ನಿಲ್ಲಿಸಿದ ಕೂಡಲೇ ನೋಡಿದರೆ ಒಂದಷ್ಟು ಆಯಿಲ್ ಇನ್ನೂ ಮೇಲೆಯೇ ಇರುತ್ತದೆ, ಕಡ್ಡಿ ಕಡಿಮೆ ತೋರಿಸುತ್ತದೆ. ಎಕ್ಸ್‌ಪ್ರೆಸ್‌ವೇಯ ಫುಡ್ ಮಾಲ್‌ನಲ್ಲಿ ನೋಡುವುದಾದರೆ ತಿಂಡಿ ಮುಗಿಸಿ ಬಂದ ಮೇಲೆ ನೋಡಿ. ಕೆಲವು ಕಾರುಗಳ ಮ್ಯಾನುಯಲ್ ತಣ್ಣಗಿದ್ದಾಗ ಅಳೆಯಲು ಹೇಳುತ್ತದೆ. ಅಲ್ಲಿ ಮ್ಯಾನುಯಲ್ ಮಾತೇ ಕೊನೆ.

ಮೊದಲ ಸಲ ಎಳೆದ ಕಡ್ಡಿಯ ಗುರುತು ಲೆಕ್ಕಕ್ಕಿಲ್ಲ. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ತಳ ಮುಟ್ಟುವವರೆಗೆ ತೂರಿಸಿ, ಮತ್ತೆ ಎಳೆಯಿರಿ. ತುದಿ ಕೆಳಗೇ ಇರಲಿ, ಎತ್ತಿ ಹಿಡಿದರೆ ಆಯಿಲ್ ಮೇಲಕ್ಕೆ ಹರಿಯುತ್ತದೆ. ಎರಡೂ ಬದಿ ನೋಡಿ, ಕಡಿಮೆ ಇರುವ ಬದಿಯನ್ನೇ ನಂಬಿ. ಹೊಸ ಆಯಿಲ್ ಕಣ್ಣಿಗೆ ಕಾಣದಷ್ಟು ತಿಳಿಯಾಗಿರುತ್ತದೆ. ಆಗ ಕಡ್ಡಿಯನ್ನು ಬಿಳಿ ಟಿಶ್ಯೂ ಮೇಲೆ ಒತ್ತಿದರೆ ಗೆರೆ ಮೂಡುತ್ತದೆ.

ಹಲವು ಕಾರುಗಳಲ್ಲಿ ಕೆಳ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು ಒಂದು ಲೀಟರ್. ಅರ್ಧಕ್ಕಿಂತ ಕೆಳಗಿದ್ದರೆ ಸಲಕ್ಕೆ 200 ಮಿ.ಲೀ. ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಲಿನ ಗುರುತಿಗೆ ಸ್ವಲ್ಪ ಕೆಳಗೇ ನಿಲ್ಲಿಸಿ. ಆಯಿಲಿನ ಗ್ರೇಡ್, ಅಂದರೆ ಎಷ್ಟು ತೆಳು ಎಷ್ಟು ಮಂದ ಎಂಬುದು, ಮ್ಯಾನುಯಲ್‌ನಲ್ಲಿದ್ದದ್ದೇ ಇರಲಿ: 0ಡಬ್ಲ್ಯೂ-20 ಕೇಳುವ ಎಂಜಿನ್‌ಗೆ ಮನೆಯಲ್ಲಿ ಉಳಿದ 20ಡಬ್ಲ್ಯೂ-50 ಸುರಿಯಬೇಡಿ.

ಹೆಚ್ಚಾದರೂ ಕೇಡೇ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಸುತ್ತುತ್ತಾ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಪಂಪ್ ಗಾಳಿ ಎಳೆದು ಪ್ರೆಶರ್ ಬೀಳುತ್ತದೆ. ಸರ್ವಿಸ್‌ನಲ್ಲಿ ಮೂರು ಲೀಟರ್ ಹಿಡಿಯುವ ಎಂಜಿನ್‌ಗೆ ಇಡೀ ಮೂರೂವರೆ ಲೀಟರ್ ಡಬ್ಬ ಖಾಲಿ ಮಾಡುವುದುಂಟು, ಆದ್ದರಿಂದ ಕಾರು ಮನೆಗೆ ಬಂದ ದಿನವೇ ಅಳೆಯಿರಿ. ಹೆಚ್ಚಿದ್ದರೆ ದೊಡ್ಡ ಸಿರಿಂಜ್‌ಗೆ ಸಣ್ಣ ಪೈಪ್ ಹಾಕಿ, ಕಡ್ಡಿಯ ತೂತಿನಿಂದಲೇ ಹೀರಿ ತೆಗೆಯಬಹುದು.

ಹಾಕದೆಯೇ ಆಯಿಲ್ ಏರುತ್ತಿದ್ದರೆ ಹೆಚ್ಚು ಎಚ್ಚರ ಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ಡೀಸೆಲ್ ಕಾರು ಅಂಧೇರಿ, ಹಿಂಜೇವಾಡಿಯ ಟ್ರಾಫಿಕ್‌ನಲ್ಲೇ ಓಡುತ್ತಿದ್ದರೆ ಫಿಲ್ಟರ್‌ನಲ್ಲಿ ಕಟ್ಟಿದ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಸಂಪಿಗಿಳಿಯುತ್ತದೆ. ಕಡ್ಡಿಯಲ್ಲಿ ಡೀಸೆಲ್ ವಾಸನೆ ಬಂದು, ಮಟ್ಟ ಮೇಲಿನ ಗುರುತು ದಾಟಿದ್ದರೆ ಆಯಿಲನ್ನೇ ಬದಲಿಸಬೇಕು, ಹೆಚ್ಚಿದ್ದನ್ನು ತೆಗೆದರೆ ಸಾಲದು.

ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ. ಎಂಜಿನ್ನಿನ ಮೇಲ್ಭಾಗವನ್ನು ಬಿಗಿಯಾಗಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮುಂಬಯಿಯಲ್ಲಿ ಮಳೆನೀರು ನಿಲ್ಲುವ ಹಿಂದ್‌ಮಾತಾ, ಮಿಲನ್ ಸಬ್‌ವೇಯಂಥ ಕಡೆ ಕಾರು ಮುಳುಗಿದ್ದರೂ ಹೀಗಾಗಬಹುದು. ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಮಳೆಗಾಲದಲ್ಲಿ ಹತ್ತಿರಹತ್ತಿರದ ಓಡಾಟವಿದ್ದಾಗ ಆಯಿಲ್ ಹಾಕುವ ಮುಚ್ಚಳದಡಿ ಮಾತ್ರ ಕೆನೆ ಕಟ್ಟಿ ಕಡ್ಡಿ ಶುದ್ಧವಾಗಿದ್ದರೆ, ಅದು ಹೆಚ್ಚಾಗಿ ತೇವ. ಒಂದು ಉದ್ದದ ಓಟಕ್ಕೆ ಆರುತ್ತದೆ.

ಕೆಂಪು ಆಯಿಲ್ ದೀಪ ತೋರಿಸುವುದು ಪ್ರೆಶರನ್ನು. ಖಂಡಾಲಾ ಘಾಟ್‌ನ ತಿರುವಿನಲ್ಲಿ ಅದು ಮಿನುಗಿದರೆ, ಆಯಿಲ್ ಕಡಿಮೆಯಾಗಿ ಪಂಪಿನ ಬಾಯಿಗೆ ಸಿಗುತ್ತಿಲ್ಲದಿರಬಹುದು. ಬದಿಗೆ ನಿಲ್ಲಿಸಿ ತಕ್ಷಣ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಮತ್ತೆ ಓಡಿಸಬೇಡಿ.